ಅಣ್ಣ ನಿಲ್ಲುವ ಕಡೆ

ಗಾಜು ಕೊಯ್ಯುವವರಿಗೆ ಕೈಗಿಂತ ಕಿವಿ ಮುಖ್ಯ ಎಂದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಕಂಬಳಿ ಹೊದಿಸಿದ ಮೇಜಿನ ಮೇಲೆ ಗಾಜಿನ ಹಾಳೆ ಮಲಗಿಸಿ, ಕಟರಿನ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಆಚೆ ಅಂಚಿನಿಂದ ಈಚೆ ಅಂಚಿಗೆ ಎಳೆದಾಗ ಒಂದೇ ಎಳೆಯ ಸದ್ದು ಬರಬೇಕು. ಸದ್ದು ನಡುವೆ ತೊದಲಿತೋ, ಗಾಜು ತನಗಿಷ್ಟ ಬಂದ ಕಡೆ ಒಡೆಯುತ್ತದೆ. ಇನ್ನು ಅಳತೆ ಕೂಗುವವನ ಮಾತೇ ಕಿವಿಗೆ ಬೀಳದಿದ್ದರೆ ಆ ಕಥೆ ಕೇಳುವುದೇ ಬೇಡ.

ಈ ಅಂಗಡಿಯಲ್ಲಿ ಅಳತೆ ಕೂಗುವವನು ಅಣ್ಣ, ಕೊಯ್ಯುವವನು ತಮ್ಮ. ಅಣ್ಣ ನಿಲ್ಲುವುದು ತಮ್ಮನ ಎಡಗಡೆ. ತಮ್ಮನ ಎಡಗಿವಿಯನ್ನೋ, ಕೆಲವು ವರ್ಷಗಳ ಹಿಂದೆ ಬಂದ ಒಂದು ಕೆಟ್ಟ ಜ್ವರ ಹೋಗುವಾಗ ತನ್ನ ಜೊತೆಗೇ ಕರೆದುಕೊಂಡು ಹೋಗಿತ್ತು. ಕಿವಿ ಡಾಕ್ಟರನ್ನು ಕದ್ದುಮುಚ್ಚಿ ಕಂಡು ಬಂದದ್ದಾಯಿತು. ಹೋದದ್ದು ಹೋಯಿತು, ಇನ್ನು ಬರುವುದಿಲ್ಲ ಎಂದು ಅವರು ಹೇಳಿದ್ದೂ ಆಯಿತು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡು ಎನ್ನುತ್ತಾರಲ್ಲ, ತಮ್ಮನಿಗೆ ಆ ಅನುಕೂಲವೂ ಉಳಿಯಲಿಲ್ಲ. ಒಳಗೆ ಹೋದದ್ದೆಲ್ಲ ಒಳಗೇ ಕೂತಿತು, ಆ ಡಾಕ್ಟರ ಮಾತೂ ಸೇರಿ.

ಮನೆಯಲ್ಲಿ ಹೇಳಬಹುದಿತ್ತು. ಹೇಳದ್ದಕ್ಕೆ ಕಾರಣ ಅಪ್ಪ. ಕಟರು ಮೊದಲು ಅಪ್ಪನ ಕೈಯಲ್ಲಿತ್ತು. ವಯಸ್ಸಾದಂತೆ ಅಪ್ಪನಿಗೆ ಕಿವಿ ಮಂದವಾಯಿತು. ಒಂದು ದಿನ ಅಣ್ಣ ಕೂಗಿದ ಅಳತೆ ಒಂದು, ಅಪ್ಪ ಕೊಯ್ದದ್ದು ಇನ್ನೊಂದು. ದೊಡ್ಡ ಕನ್ನಡಿ, ಕಲ್ಯಾಣ ಮಂಟಪವೊಂದಕ್ಕೆ ಮಾಡಿಸಿದ್ದು, ದಂಡವಾಯಿತು. ಅಣ್ಣ ಬೈಯಲಿಲ್ಲ. ಅಪ್ಪನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಕಟರನ್ನು ಈಚೆ ತೆಗೆದುಕೊಂಡು, "ಸಾಕಪ್ಪ, ಇನ್ಮೇಲೆ ಆರಾಮಾಗಿ ಕೂತ್ಕೊ" ಎಂದ. ಅಪ್ಪ ಕೂತರು. ಮೂಲೆಯ ಸ್ಟೂಲಿನ ಮೇಲೆ ಕೂತು ಚೌಕಟ್ಟುಗಳ ಧೂಳು ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ, ಉಳಿದ ಆಯುಷ್ಯವನ್ನು ಮುಗಿಸಿದರು. ಮೇಜಿನ ಹತ್ತಿರ ಮತ್ತೆ ಬರಲಿಲ್ಲ. ಕಟರು ತಮ್ಮನ ಕೈಗೆ ಬಂತು. ಬೇರೆ ಯಾವ ಕೆಲಸವೂ ಗೊತ್ತಿಲ್ಲದ, ಬೇರೆ ಯಾವ ಕೆಲಸವೂ ಬೇಡದ ತಮ್ಮ, ಆ ಮೂಲೆಯ ಸ್ಟೂಲಿನ ಕಡೆ ನೋಡದೆಯೇ ಓಡಾಡುತ್ತಿದ್ದ.

ಹಾಗಾಗಿ ತಮ್ಮ ಒಂದು ಉಪಾಯ ಮಾಡಿಕೊಂಡಿದ್ದ. ಅಣ್ಣ ಬಾಯಿ ತೆರೆದರೆ ಸಾಕು, ಕತ್ತನ್ನು ಎಡಕ್ಕೆ ತಿರುಗಿಸಿ, ಸ್ವಲ್ಪ ವಾಲಿಸಿ, ಬಲಗಿವಿಯನ್ನು ಮುಂದೆ ತರುವುದು. ಅದೇ ಹೊತ್ತಿಗೆ ಬಲಗೈಯನ್ನು ಹಾಳೆಯುದ್ದಕ್ಕೂ ಚಾಚಿ ಕಟರು ಇಡುವುದು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮುರಿಯಲು ಹೊರಟದ್ದು ಕೈ.

ಮೊದಲು ಹೆಬ್ಬೆರಳು, ತೋರುಬೆರಳು ಜುಮ್ಮೆನ್ನತೊಡಗಿದವು. ಆಮೇಲೆ ಭುಜದಿಂದ ಬೆರಳ ತುದಿವರೆಗೆ ಕರೆಂಟು ಹೊಡೆದಂತೆ ಒಂದು ಎಳೆತ. ವಿಚಿತ್ರವೆಂದರೆ ಗಾಜು ಅಂಟಿಸುವ ಪುಟ್ಟಿಯ ಭಾರದ ಡಬ್ಬಿಗಳನ್ನು ಹೊತ್ತು ಇಳಿಸುವಾಗ ಏನೂ ಇಲ್ಲ. ಹಿಡಿಯಷ್ಟು ತೂಕವಿಲ್ಲದ ಕಟರು ಎಳೆಯುವಾಗ ಪ್ರಾಣ ಹೋಗುತ್ತದೆ. ಅಣ್ಣನಿಗೆ ಅನುಮಾನ ಬಂದದ್ದು ಇಲ್ಲೇ. ಆಫೀಸು ಕಟ್ಟಡವೊಂದರ ಕಿಟಕಿಗಳ ಕೆಲಸ ಒಪ್ಪಿಕೊಂಡು ಕೂತಿದ್ದ ಅವನಿಗೆ ತಮ್ಮ ದಿನಕ್ಕೆ ನಾಲ್ಕು ಸಲ ಕೈ ಕೊಡವುತ್ತ ನಿಲ್ಲುವುದು ಕಂಡು ಮೈ ಉರಿಯುತ್ತಿತ್ತು.

"ಡಬ್ಬಿ ಎತ್ತೋಕಾಗುತ್ತೆ, ಕಟರ್ ಎಳೆಯೋಕಾಗಲ್ಲ. ಇದ್ಯಾವ ಸೀಮೆ ನೋವೋ?" ಎಂದು ಊಟಕ್ಕೆ ಕೂತಾಗ ಕೇಳಿದ.

ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು. "ನಿಮಗೆ ಹಲ್ಲುನೋವು ಬಂದಾಗ ಹೊರಗಿಂದ ಏನಾದ್ರೂ ಕಾಣ್ತಿತ್ತಾ? ಮನೆ ಮಂದಿಯೆಲ್ಲ ಮೂರು ದಿನ ಪಿಸುಪಿಸು ಮಾತಾಡಿಕೊಂಡು ಓಡಾಡಿದ್ವಿ. ನೋವು ಅಂದ್ರೆ ನೋವು. ಕರ್ಕೊಂಡು ಹೋಗಿ ತೋರಿಸಿ. ಇಲ್ಲಾಂದ್ರೆ ಕಿಟಕಿ ನೀವೇ ಕೊಯ್ಕೊಳ್ಳಿ."

ಅಣ್ಣನಿಗೆ ಕಟರು ಹಿಡಿಯಲು ಬರುತ್ತಿರಲಿಲ್ಲ. ಮರುದಿನ ಅಂಗಡಿಗೆ ಅರ್ಧ ದಿನ ಬೀಗ ಬಿತ್ತು.

ಫಿಸಿಯೋಥೆರಪಿ ಮಾಡುವ ಮೇಡಂ ಔಷಧಿ ಅಂಗಡಿಯ ಮಹಡಿಯ ಮೇಲಿದ್ದರು. ಹಸಿರು ಪರದೆ, ಎತ್ತರದ ಮಂಚ, ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಗುರುಗುಡುವ ಫ್ಯಾನು. ಮೇಡಂ ನಡುವಯಸ್ಸಿನವರು, ಮಾತು ಮೆತ್ತಗೆ. ತಮ್ಮನಿಗೆ ಮೆತ್ತಗೆ ಮಾತಾಡುವವರನ್ನು ಕಂಡರೆ ಭಯ. ಅದೃಷ್ಟಕ್ಕೆ ಅವರು ಅವನ ಬಲಗಡೆಗೇ ಬಂದು ನಿಂತರು. ಅಣ್ಣ ಕೆಳಗೆ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದ.

"ಅಂಗಾತ ಮಲಗಿ. ತಲೆ ಕೆಳಗೆ ದಿಂಬು ಬೇಡ, ಈ ಟವೆಲ್ ಸಾಕು. ನಾನು ಕೈಯನ್ನ ಒಂದೊಂದೇ ಹಂತವಾಗಿ ಬಿಚ್ತೀನಿ. ನೋವು ಶುರುವಾದ ತಕ್ಷಣ ಹೇಳಿ, ತಡ್ಕೊಬೇಡಿ."

ಅವರು ಒಂದು ಕೈಯಿಂದ ಅವನ ಭುಜವನ್ನು ಕೆಳಕ್ಕೆ ಒತ್ತಿ ಹಿಡಿದು, ತೋಳನ್ನು ಪಕ್ಕಕ್ಕೆ ಚಾಚಿಸಿ, ಅಂಗೈಯನ್ನು ಮೇಲೆ ಮಾಡಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರು. ಆಮೇಲೆ ಮಡಿಸಿದ್ದ ಮೊಣಕೈಯನ್ನು ಬಲು ನಿಧಾನವಾಗಿ ಬಿಡಿಸುತ್ತ ಹೋದರು. ಮೊಣಕೈ ಹೆಚ್ಚುಕಡಿಮೆ ನೇರವಾಗುವ ಹೊತ್ತಿಗೆ ತಮ್ಮ "ಈಗ" ಎಂದ. ಮೇಡಂ ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದರು. ಎಡಗೈಗೂ ಹಾಗೇ ಮಾಡಿದರು. ಅದು ಪೂರ್ತಿ ಬಿಚ್ಚಿಕೊಂಡಿತು.

"ಸ್ವಲ್ಪ ವ್ಯತ್ಯಾಸ ಇದೆ. ಅಂಥ ಗಾಬರಿ ಏನಿಲ್ಲ" ಎಂದರು.

ಅಷ್ಟರಲ್ಲಿ ಅಣ್ಣ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಬಂದವನು ಹೋಗಿ ನಿಂತದ್ದು ಮಂಚದ ಎಡಗಡೆ. ಅಭ್ಯಾಸಬಲ. ತನ್ನ ಕಣ್ಣೆದುರು ಇನ್ನೊಂದು ಸಲ ಮಾಡಿ ತೋರಿಸಬೇಕೆಂದು ಕೇಳಿದ. ಮೇಡಂ ಮತ್ತೆ ಬಲಗೈ ಹಿಡಿದರು. ಭುಜ, ತೋಳು, ಮಣಿಕಟ್ಟು, ಎಲ್ಲ ಮೊದಲಿನ ಹಾಗೇ. ಮೊಣಕೈ ಬಿಡಿಸಲು ಶುರುಮಾಡಿದಾಗ ಅಣ್ಣ, "ಹೆಂಗಿದೆಯೋ? ಎಲ್ಲಿ ಹಿಡಿಯುತ್ತೆ?" ಎಂದು ವಿಚಾರಿಸಿದ. ತಮ್ಮನ ಕತ್ತು ತಂತಾನೇ ಅವನ ಕಡೆ ಹೊರಳಿತು. ಹೊರಳಿದ್ದೇ ತಡ, ಭುಜದಿಂದ ಹೆಬ್ಬೆರಳಿಗೆ ಚುಳಕ್ಕೆಂದು ಹೊಡೆಯಿತು. ಮೊಣಕೈ ಇನ್ನೂ ಅರ್ಧವೂ ಬಿಚ್ಚಿರಲಿಲ್ಲ.

ಅಣ್ಣ ಅಳತೆಯ ಮನುಷ್ಯ. ಪಟ್ಟಿ ತೋರಿಸಿದ್ದನ್ನು ತಾನೇ ಬಗ್ಗಿ ನೋಡಿದ. "ಮುಂಚೆ ಎಷ್ಟಿತ್ತು ಮೇಡಂ?" ಮೇಡಂ ಹೇಳಿದರು. ಎರಡಕ್ಕೂ ಅಜಗಜಾಂತರ. ಅಣ್ಣನ ಮುಖ ಸಪ್ಪಗಾಯಿತು. ಸಿಟ್ಟು ಬಂದಿದ್ದರೆ ತಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ನಾನಿಲ್ದಿದ್ರೆ ನೋವಿಲ್ಲ, ನಾನು ಬಂದ ತಕ್ಷಣ ನೋವು" ಎಂದ ಅಣ್ಣ. "ನನ್ನ ಜೊತೆ ಕೆಲಸ ಮಾಡೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬಹುದಿತ್ತಲ್ಲೋ. ಈ ನಾಟಕ ಯಾಕೆ?"

ತಮ್ಮ ಸೂರು ನೋಡುತ್ತ ಮಲಗಿದ್ದ. ಸುಳ್ಳ ಅನ್ನಿಸಿಕೊಂಡು ಸುಮ್ಮನಿರುವುದೋ, ನಿಜ ಹೇಳಿ ಸ್ಟೂಲಿನ ಮೇಲೆ ಕೂರುವುದೋ? ಅತ್ತ ದರಿ, ಇತ್ತ ಪುಲಿ. ಸುಳ್ಳನಿಗಾದರೂ ಕಟರು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡ.

ಮೇಡಂ ಮಾತ್ರ ಆ ಎರಡು ಅಳತೆಗಳನ್ನು ಅಷ್ಟು ಸುಲಭಕ್ಕೆ ಬಿಡುವ ಪೈಕಿಯವರಲ್ಲ. "ನೀವು ಸ್ವಲ್ಪ ಹೊರಗೆ ಕೂತಿರಿ. ಎರಡು ಸಲ ಮಾಡಿದ್ರಲ್ಲಿ ಏನೋ ಒಂದು ಬೇರೆ ಇತ್ತು. ನನ್ನ ಕಡೆಯಿಂದಲೇ ಇರಬಹುದು, ನೋಡ್ತೀನಿ" ಎಂದು ಅಣ್ಣನನ್ನು ಪರದೆಯಾಚೆ ಕಳಿಸಿದರು.

ಮೂರನೆಯ ಸಲ ಅವರು ಮೊಣಕೈಯನ್ನು ನೋವು ಶುರುವಾಗುವ ಜಾಗಕ್ಕೆ ತಂದು ಅಲ್ಲೇ ಹಿಡಿದು ನಿಲ್ಲಿಸಿದರು. "ಈಗ ಕೈ ಮರೆತುಬಿಡಿ. ತಲೆ ಮಾತ್ರ ಬಲಭುಜದ ಕಡೆ ವಾಲಿಸಿ." ತಮ್ಮ ವಾಲಿಸಿದ. ನೋವು ಯಾರೋ ಸ್ವಿಚ್ಚು ಆರಿಸಿದಂತೆ ಹೊರಟುಹೋಯಿತು. "ಈಗ ಎಡಕ್ಕೆ." ಎಡಕ್ಕೆ ವಾಲಿಸಿದ್ದೇ ಬೆರಳಿನ ತುದಿವರೆಗೆ ಓಡಿ ಬಂತು. ಅವನು ಬೆಚ್ಚಿ ತನ್ನ ಕೈ ನೋಡಿಕೊಂಡ. ಅದು ಮೇಡಂ ಹಿಡಿತದಲ್ಲಿ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

"ನರ ಕತ್ತಿಂದ ಹೊರಟು ಬೆರಳಿನವರೆಗೆ ಬರುತ್ತೆ" ಎಂದರು ಮೇಡಂ. "ಕತ್ತು ಆ ಕಡೆ ವಾಲಿದ್ರೆ ಈ ತುದೀಲಿ ಎಳೆತ ಜಾಸ್ತಿ. ಈ ಕಡೆ ಬಂದ್ರೆ ಸಡಿಲ. ಕೈ ಹೇಗಿದೆ ಅನ್ನೋದಷ್ಟೇ ಅಲ್ಲ, ತಲೆ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ನಿಮ್ಮ ನೋವು ನಿಜ. ಇದನ್ನ ನಾಟಕ ಮಾಡೋಕೆ ಯಾರಿಗೂ ಬರಲ್ಲ."

ಒಬ್ಬರಾದರೂ ನಂಬಿದರಲ್ಲ ಎಂದು ತಮ್ಮನ ಮನಸ್ಸು ಹಗುರಾಯಿತು. ಆದರೆ ಸಮಾಧಾನ ಅರ್ಧದಲ್ಲೇ ನಿಂತಿತು. ಯಾಕೆಂದರೆ ಮೇಡಂ ಮುಂದಿನ ಪ್ರಶ್ನೆ ಕೇಳಿದರು: "ಅಣ್ಣ ಮಾತಾಡಿದ ತಕ್ಷಣ ಕತ್ತು ತಿರುಗಿಸಿದ್ರಲ್ಲ, ಯಾಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮನ ಎಡಗೈ ಎಡಗಿವಿಯ ತನಕ ಹೋಗಿ, ನಡುವೆ ಬುದ್ಧಿ ಬಂದು, ತಲೆ ಕೆರೆದುಕೊಂಡು ಕೆಳಗಿಳಿಯಿತು. "ದೊಡ್ಡೋರು ಮಾತಾಡುವಾಗ ಮುಖ ನೋಡ್ಬೇಕಲ್ಲ ಮೇಡಂ. ಮರ್ಯಾದೆ."

"ಒಳ್ಳೇದು" ಎಂದರು ಮೇಡಂ. "ಈಗ ಕತ್ತು ಅಲ್ಲಾಡಿಸ್ದೆ ಸೂರು ನೋಡ್ತಿರಿ."

ತಮ್ಮ ಸೂರು ನೋಡಿದ. ಬಲಗಡೆ ಫ್ಯಾನು ಗುರುಗುಡುತ್ತಿತ್ತು. ಸುಣ್ಣದ ಮೇಲೆ ಸಣ್ಣದೊಂದು ಬಿರುಕು ಬಲ್ಬಿನವರೆಗೆ ಹೋಗಿತ್ತು. ಗಾಜಾಗಿದ್ದರೆ ಇದನ್ನು ಹೀಗೆ ಬಿಡುವುದಕ್ಕಾಗುತ್ತಿರಲಿಲ್ಲ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಮೇಡಂ ಮುಖ ಎಡಗಡೆಯಿಂದ ಅವನ ಕಣ್ಣೆದುರಿಗೆ ಬಂತು.

"ನಿಮಗೆ ಮದುವೆ ಆಗಿದ್ಯಾ ಅಂತ ಈ ಕಡೆ ನಿಂತು ಎರಡು ಸಲ ಕೇಳ್ದೆ" ಎಂದರು.

ತಮ್ಮ ಎದ್ದು ಕೂತ. ಸುಳ್ಳು ಹೇಳಲು ಬಾಯಿ ತೆರೆದರೆ ಸುಳ್ಳೇ ಬರಲಿಲ್ಲ. ಬಂದದ್ದು ಅಪ್ಪನ ಕಥೆ. ಕನ್ನಡಿ, ಅಣ್ಣ ಬಿಡಿಸಿದ ಬೆರಳುಗಳು, ಸ್ಟೂಲು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿ, "ಅಣ್ಣಂಗೆ ಹೇಳ್ಬೇಡಿ. ಗೆರೆಯ ಸದ್ದು ನನಗೆ ಬಲಗಿವೀಲೇ ಚೆನ್ನಾಗಿ ಕೇಳುತ್ತೆ. ಇವತ್ತಿನವರೆಗೆ ಒಂದು ಹಾಳೆ ದಂಡ ಮಾಡಿಲ್ಲ" ಎಂದು ಕೈ ಮುಗಿದ.

ಮೇಡಂ ಟವೆಲನ್ನು ಮಡಿಸುತ್ತ ನಿಂತರು. "ಕಿವಿ ನನ್ನ ವಿಷಯ ಅಲ್ಲ. ನಾನಾಗಿ ಹೇಳಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳೂ ಹೇಳಲ್ಲ. ಇನ್ನೊಂದು ಮಾತು. ಹೀಗೇ ಕತ್ತು ತಿರುಗಿಸ್ಕೊಂಡು ಕೊಯ್ತಾ ಹೋದ್ರೆ ಆ ಕೈ ನಿಮ್ಮ ಮಾತು ಕೇಳೋದು ಬಿಡುತ್ತೆ. ಆಗ ಕಿವಿ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ."

ಅಣ್ಣನನ್ನು ಒಳಗೆ ಕರೆದರು. ಮಾತಿನಲ್ಲಿ ವಿವರಿಸುವ ಬದಲು ಅವನನ್ನೇ ಮಂಚದ ಮೇಲೆ ಮಲಗಿಸಿ, ಅವನ ಬಲತೋಳನ್ನೇ ಚಾಚಿ, ಕತ್ತು ಎಡಕ್ಕೆ ವಾಲಿಸಲು ಹೇಳಿದರು. ಆರೋಗ್ಯವಾಗಿದ್ದ ಅವನ ಕೈಗೂ ಬೆರಳವರೆಗೆ ಬಿಗಿ ಹಿಡಿಯಿತು. ಬಲಕ್ಕೆ ತಂದಾಗ ಸಡಿಲವಾಯಿತು. ಅಣ್ಣ ಎರಡು ಸಲ ತಾನಾಗಿಯೇ ಆ ಕಡೆ ಈ ಕಡೆ ವಾಲಿಸಿ ನೋಡಿದ, ಹೊಸ ಆಟಿಕೆ ಸಿಕ್ಕವರ ಹಾಗೆ.

"ಮೊದಲನೇ ಸಲ ಇವರ ತಲೆ ನೇರ ಇತ್ತು. ಎರಡನೇ ಸಲ ನಿಮ್ಮ ಕಡೆ ತಿರುಗಿತ್ತು. ಅದಕ್ಕೇ ಅಳತೆ ಬೇರೆ ಬಂತು" ಎಂದರು ಮೇಡಂ.

ಅಣ್ಣ ಎದ್ದು ಕೂತು ಅಂಗಿ ಸರಿಮಾಡಿಕೊಂಡ. "ಟೇಪು ಓರೆ ಹಿಡಿದ ಹಾಗಾಯ್ತು. ಗಾಜಿಂದೇನೂ ತಪ್ಪಿಲ್ಲ, ಹಿಡಿದದ್ದು ತಪ್ಪು." ಅವನಿಗೆ ತಮ್ಮನ ಮುಖ ನೋಡಲು ನಾಚಿಕೆಯಾಯಿತು, ಹಾಗೆಂದು ನೋಡದಿರಲೂ ಆಗಲಿಲ್ಲ. "ನಾಟಕ ಅಂದುಬಿಟ್ಟೆನಲ್ಲೋ. ಮನಸ್ಸಿಗೆ ಹಚ್ಕೊಬೇಡ." ಆಮೇಲೆ, ತಪ್ಪು ಮಾಡಿದವರಿಗೆ ಸಹಾಯ ಮಾಡುವ ಆತುರ ಜಾಸ್ತಿ ಎಂಬಂತೆ, ಮೇಡಂ ಕಡೆ ತಿರುಗಿದ. "ಕತ್ತಿಗೆ ಪಟ್ಟಿ ಹಾಕ್ತಾರಲ್ಲ, ಅದನ್ನ ಹಾಕಿಬಿಡಿ. ತಿರುಗಿಸೋಕೇ ಆಗ್ಬಾರ್ದು. ಕಿಟಕಿ ಕೆಲಸ ಮುಗಿಯೋವರೆಗೂ ಹಾಕ್ಕೊಂಡೇ ಕೊಯ್ಯಲಿ."

ಮೇಡಂ ತಮ್ಮನನ್ನು ನೋಡಿದರು.

ತಮ್ಮನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಕತ್ತಿಗೆ ಪಟ್ಟಿ, ಎಡಗಡೆಯಿಂದ ಅಣ್ಣ ಅಳತೆ ಕೂಗುತ್ತಾನೆ, ಬೀದಿಯ ಗದ್ದಲದಲ್ಲಿ ಅರ್ಧ ಕೇಳುತ್ತದೆ, ಅರ್ಧ ಊಹೆ, ಕಿಟಕಿಯ ಹಾಳೆ ಚೌಕಟ್ಟಿಗೆ ಕೂರುವುದಿಲ್ಲ. ಪಟ್ಟಿ ಬೇಡವೆಂದರೆ ಕೈ ಹೋಗುತ್ತದೆ. ತಲೆಯ ಮೇಲೆ ಇಷ್ಟು ವರ್ಷ ಹೊತ್ತದ್ದನ್ನು ಇಳಿಸಲು ಜಾಗ ಇದೊಂದೇ ಎಂದು ಅವನಿಗೆ ತಿಳಿಯಿತು.

"ಕತ್ತು ಸುಮ್ನೆ ತಿರುಗಲ್ಲಣ್ಣ" ಎಂದ. "ನಿನ್ನ ಮಾತು ಕೇಳೋಕೆ ತಿರುಗುತ್ತೆ. ಎಡಗಿವಿ ಹೋಗಿದೆ. ಆ ಜ್ವರ ಬಂದಿತ್ತಲ್ಲ, ಆವಾಗಲೇ."

ಅಣ್ಣ ಮಂಚದಿಂದ ಇಳಿದು ಚಪ್ಪಲಿ ಮೆಟ್ಟಿದ. ಹಿಂದಿರುಗಿ ನೋಡದೆ ಮೆಟ್ಟಿಲಿಳಿದ. ಗಾಡಿಯಲ್ಲಿ ತಮ್ಮ ಹಿಂದೆ ಕೂತಿದ್ದ. ಅಣ್ಣನ ಬೆನ್ನು ನೋಡಿ ಏನನ್ನೂ ಓದಲಾಗಲಿಲ್ಲ. ಮನೆಯಲ್ಲಿ ಅತ್ತಿಗೆ, "ಏನಂದ್ರು?" ಎಂದು ಇಬ್ಬರನ್ನೂ ಕೇಳಿ, ಇಬ್ಬರಿಂದಲೂ ಉತ್ತರ ಬಾರದೆ, "ಡಾಕ್ಟರ್ ನಾಲಿಗೆ ಕಿತ್ಕೊಂಡು ಕಳ್ಸಿದ್ರೋ ಏನೋ" ಎಂದು ಗೊಣಗಿಕೊಂಡು ತಟ್ಟೆ ಇಟ್ಟಳು. ಅಣ್ಣ ಅರ್ಧ ಊಟಕ್ಕೇ ಎದ್ದ. ನಾಳೆ ಯಾರನ್ನು ಮೇಜಿನ ಮುಂದೆ ನಿಲ್ಲಿಸಬೇಕು ಎಂದು ಯೋಚಿಸುತ್ತಿದ್ದಾನೆ ಎಂದುಕೊಂಡ ತಮ್ಮ.

ಮರುದಿನ ಬೆಳಿಗ್ಗೆ ಅಣ್ಣ ಅವನಿಗೆ ಕಾಯದೆ ಮೊದಲೇ ಹೊರಟುಹೋಗಿದ್ದ. ತಮ್ಮ ನಡೆದುಕೊಂಡೇ ಹೋದ. ಅಂಗಡಿ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಮೇಜಿನ ಮೇಲೆ ಕಟರು ಇದೆಯೇ ಎಂದು. ಇರಲಿಲ್ಲ.

ಅಣ್ಣ ಒಬ್ಬನೇ ಹಾಳೆಗಳನ್ನು ಒರಗಿಸಿಡುವ ಮರದ ಸ್ಟ್ಯಾಂಡಿಗೆ ಹೆಗಲು ಕೊಟ್ಟು ನೂಕುತ್ತಿದ್ದ. ಹಾಳೆಗಳನ್ನೆಲ್ಲ ಇಳಿಸಿ ಗೋಡೆಗೆ ಒರಗಿಸಿದ್ದಾಗಿತ್ತು. ಆ ಸ್ಟ್ಯಾಂಡು ಮೇಜಿನ ಎಡಗಡೆ ಇದ್ದದ್ದರಿಂದಲೇ ಅಣ್ಣ ಎಡಗಡೆ ನಿಲ್ಲುತ್ತಿದ್ದದ್ದು. ಅಲ್ಲಿಂದಲೇ ಒಂದೊಂದು ಹಾಳೆ ತೆಗೆದುಕೊಡುತ್ತ ಅಳತೆ ಕೂಗುತ್ತಿದ್ದ. ಯಾವ ಕಾಲದಿಂದ ಅಲ್ಲಿತ್ತೋ, ನೆಲದ ಮೇಲೆ ಅದರ ಕಾಲಿನ ಗುರುತುಗಳು ಬೆಳ್ಳಗೆ ಕಾಣುತ್ತಿದ್ದವು.

"ನಿಂತ್ಕೊಂಡು ಏನ್ ನೋಡ್ತಿಯ? ಆ ಕಡೆ ಹಿಡಿ. ಬಲಗೈ ಹಾಕ್ಬೇಡ, ಎಡಗೈಲಿ ಹಿಡಿ."

ಇಬ್ಬರೂ ಸೇರಿ ಅದನ್ನು ಮೇಜು ಸುತ್ತಿಸಿ ಬಲಗಡೆಗೆ ತಂದರು. ಏನೂ ಕಷ್ಟವಾಗಲಿಲ್ಲ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಯಿತು. ಅಣ್ಣ ಅಂಗಿಯ ಜೇಬಿನಿಂದ ಕಟರು ತೆಗೆದು, ತೊಳೆದು ಒರೆಸಿದ್ದನ್ನು, ತಮ್ಮನ ಮುಂದೆ ಇಟ್ಟ. ತಾನು ಬಂದು ಬಲಗಡೆ ನಿಂತ. ನಿಂತವನು ಹಾಳೆ ತೆಗೆಯಲಿಲ್ಲ, ಅಳತೆ ಕೂಗಲಿಲ್ಲ. ಸ್ಟ್ಯಾಂಡಿನ ಮೇಲೆ ಕೈ ಇಟ್ಟುಕೊಂಡು ಖಾಲಿಯಾದ ಎಡಗಡೆಯನ್ನೇ ನೋಡುತ್ತಿದ್ದ.

"ಇಷ್ಟೇ ಕೆಲಸ ನೋಡು" ಎಂದ.

ತಮ್ಮ ಕತ್ತು ತಿರುಗಿಸದೆಯೇ ಆ ಮಾತು ಕೇಳಿಸಿಕೊಂಡ. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಅಣ್ಣನ ದನಿ ಒದ್ದೆಯಾಗಿತ್ತು.

"ಅಪ್ಪಂದು ಯಾವ ಕಿವಿ ಅಂತ ನಾನು ಕೇಳ್ಲೇ ಇಲ್ವಲ್ಲೋ."

ತಮ್ಮನೂ ಕೇಳಿರಲಿಲ್ಲ. ಅಪ್ಪನ ಕೈಯಿಂದ ಬಂದ ಕಟರನ್ನು ಅವತ್ತು ಖುಷಿಯಿಂದಲೇ ತೆಗೆದುಕೊಂಡಿದ್ದ. ಅದನ್ನೇ ಹೇಳಿದ. ಅಣ್ಣ ತಲೆಯಾಡಿಸಿ, ಒಂದು ಹಾಳೆ ತೆಗೆದು ಕಂಬಳಿಯ ಮೇಲೆ ಮಲಗಿಸಿ, ಎಂದಿಗಿಂತ ಸಣ್ಣ ದನಿಯಲ್ಲಿ ಮೊದಲ ಕಿಟಕಿಯ ಅಳತೆ ಹೇಳಿದ.